ಕಾರ್ನ್ ಬ್ಯಾಂಡಿನ ಹೆಡ್ ಡಾಕ್ಯುಮೆಂಟರಿ ಯಾರಾದ್ರೂ ನೋಡಿದ್ದೀರಾ? ದೇವರು ಸಿಕ್ಕ ಮೇಲೆ ಗಿಟಾರ್ ಕೆಳಗಿಡಲೇಬೇಕಾ?

ಬಿಸಿಲೂರ ಗಿಟಾರ್, ಕಲಬುರಗಿ

ಮೊನ್ನೆ ರಾತ್ರಿ ಕರೆಂಟ್ ಇತ್ತು, ನಿದ್ದೆ ಇರಲಿಲ್ಲ. ಸುಮ್ನೆ ಹುಡುಕ್ತಾ ಹೋಗಿ 'ಲೌಡ್ ಕ್ರೇಜಿ ಲವ್' ಅನ್ನೋ ಡಾಕ್ಯುಮೆಂಟರಿ ನೋಡಿಬಿಟ್ಟೆ. 2018ರದ್ದು, ನನಗೆ ಸಿಕ್ಕಿದ್ದು ಈಗ. ಅಮೆರಿಕದ ಕಾರ್ನ್ ಅನ್ನೋ ರಾಕ್ ಬ್ಯಾಂಡಿನ ಗಿಟಾರಿಸ್ಟ್ ಬ್ರಯಾನ್ ವೆಲ್ಚ್ ಕಥೆ. ಎಲ್ಲರೂ ಹೆಡ್ ಅಂತಲೇ ಕರೆಯುತ್ತಾರೆ. ಗೊತ್ತಿಲ್ಲದವರಿಗೆ ಎರಡು ಮಾತು. 90ರ ದಶಕದಲ್ಲಿ ಏಳು ತಂತಿಯ ಗಿಟಾರ್ ಹಿಡಿದು, ಅದನ್ನೂ ಸಡಿಲ ಮಾಡಿ, ಎದೆಯೊಳಗೆ ಗುಡುಗು ಬಿಟ್ಟ ಹಾಗೆ ಬಾರಿಸಿದ ಬ್ಯಾಂಡ್ ಇದು. ಹೊರಗೆ ಜಗಮಗ, ಒಳಗೆ ಮೆತ್ ಅನ್ನೋ ಡ್ರಗ್ಸಿನ ಚಟ. ಪುಟ್ಟ ಮಗಳನ್ನು ಒಬ್ಬರೇ ಸಾಕುತ್ತಿದ್ದರು. 2005ರಲ್ಲಿ ಚರ್ಚಿಗೆ ಹೋದರು, ಚಟ ಬಿಟ್ಟರು, ಬ್ಯಾಂಡೂ ಬಿಟ್ಟರು, ಜೋರ್ಡಾನ್ ನದಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದರು. 2013ಕ್ಕೆ ಮತ್ತೆ ಅದೇ ಬ್ಯಾಂಡಿಗೆ ವಾಪಸ್ ಬಂದರು.

ಇದನ್ನು ಇಲ್ಲಿ ಯಾಕೆ ಹಾಕುತ್ತಿದ್ದೇನೆ ಅಂದ್ರೆ, ನಮ್ಮದೂ ಒಂದು ಬ್ಯಾಂಡ್ ಇತ್ತು. ಕಾಲೇಜು ದಿನಗಳಲ್ಲಿ, ನಾಲ್ಕು ಜನ. ಪ್ರಾಕ್ಟೀಸ್ ಮಾಡುತ್ತಿದ್ದದ್ದು ಒಬ್ಬ ಗೆಳೆಯನ ಮಾವನ ತೊಗರಿ ಗೋದಾಮಿನಲ್ಲಿ. ಡ್ರಮ್ಮರ್ ಸ್ನೇರ್ ಮೇಲೆ ಒಂದೇಟು ಹಾಕಿದರೆ ಹಳದಿ ಧೂಳು ಏಳುತ್ತಿತ್ತು. ಹಾಡು ಮುಗಿಯೋ ಹೊತ್ತಿಗೆ ನಾಲ್ವರ ಹುಬ್ಬೂ ಹಳದಿ. ಅವನಂಥ ಕೈ ನಾನು ಮತ್ತೆ ನೋಡಿಲ್ಲ. ಆದರೆ ಕುಡಿತ ಹತ್ತಿತು, ಜಾಸ್ತಿನೇ ಹತ್ತಿತು. ಒಂದು ಹುಣ್ಣಿಮೆಗೆ ಅವರಮ್ಮ ಗಾಣಗಾಪುರಕ್ಕೆ ಎಳೆದುಕೊಂಡು ಹೋದರು. ಭೀಮಾ ಅಮರಜಾ ಸಂಗಮದಲ್ಲಿ ಸ್ನಾನ ಮಾಡಿ ಬಂದವನು ಮತ್ತೆ ಬಾಟಲಿ ಮುಟ್ಟಲಿಲ್ಲ. ಅದೇ ವಾರ ಡ್ರಮ್ ಸೆಟ್ ಮಾರಿದ. ಕಾಲಲ್ಲಿ ಒತ್ತಿ ಡ್ರಮ್ ಬಾರಿಸೋ ಡಬಲ್ ಪೆಡಲ್ ಒಂದು ಉಳಿದಿತ್ತು, ಅದನ್ನು ಜೋಳದ ಚೀಲದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಹೋದ. ಈಗ ಊರಲ್ಲಿ ಹೊಲ ನೋಡಿಕೊಂಡು ಭಜನೆಯಲ್ಲಿ ತಾಳ ಹಾಕುತ್ತಾನೆ.

ಕುಡಿತ ಬಿಟ್ಟದ್ದು ಖುಷಿ. ಆದರೆ ಡ್ರಮ್ಸ್ ಏನು ತಪ್ಪು ಮಾಡಿತ್ತು? ಹೆಡ್ ಎಂಟು ವರ್ಷ ಆದ ಮೇಲಾದರೂ ವಾಪಸ್ ಬಂದರು. ನಮ್ಮವನು ಯಾಕೆ ಬರಲಿಲ್ಲ? ನೋಡಿದವರು ಹೇಳಿ.

ಜೋಳದ ರೊಟ್ಟಿ

ಕಾರ್ನ್ ಅಂದ್ರೆ ಮೆಕ್ಕೆಜೋಳ ತಾನೇ? ನಮ್ಮ ಕಡೆ ಬಿಳಿಜೋಳ ಅಂತ ಒಂದು ಬ್ಯಾಂಡ್ ಕಟ್ರಪ್ಪ ಯಾರಾದ್ರೂ.

ಸೇಡಂ ಪ್ಯಾಸೆಂಜರ್

ನಾನು ಎರಡು ಸಲ ನೋಡಿದ್ದೇನೆ. ನೀವು ಬರೆದದ್ದರಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿದೆ. ಅದು ದೇವರ ಸಿನಿಮಾನೂ ಅಲ್ಲ, ರಾಕ್ ಸಿನಿಮಾನೂ ಅಲ್ಲ, ಅಪ್ಪ ಮಗಳ ಸಿನಿಮಾ. ಅವರು ಬ್ಯಾಂಡ್ ಬಿಡೋದಕ್ಕೆ ಕಾರಣ ನೆನಪಿಸಿಕೊಳ್ಳಿ. ಐದಾರು ವರ್ಷದ ಮಗಳು ಮನೆಯೊಳಗೆ ಆಡಿಕೊಂಡು ಅಪ್ಪನ ಬ್ಯಾಂಡಿನದೇ ಒಂದು ಪೋಲಿ ಹಾಡು ಹೇಳುತ್ತಿದ್ದಳು. ಅರ್ಥ ಗೊತ್ತಿಲ್ಲ ಪಾಪ, ರಾಗ ಮಾತ್ರ ಗೊತ್ತು. ಅದನ್ನು ಕೇಳಿ ಅವರಿಗೆ ಕರುಳು ಕಿವುಚಿದ ಹಾಗಾಯಿತು.

ಸರಿ, ಚಟ ಹೋಯಿತು, ಬ್ಯಾಂಡ್ ಹೋಯಿತು. ಮಗಳಿಗೆ ಅಪ್ಪ ಸಿಕ್ಕರಾ? ಅಲ್ಲೇ ಇರೋದು ಕಥೆ. ಅವಳು ದೊಡ್ಡವಳಾಗುವ ಹೊತ್ತಿಗೆ ಮನಸ್ಸು ಕುಸಿಯಿತು, ದೂರದ ವಸತಿ ಶಾಲೆಗೆ ಕಳಿಸಬೇಕಾಯಿತು. ದೇವರು ಸಿಕ್ಕಿದ ತಕ್ಷಣ ಎಲ್ಲಾ ಸರಿಹೋಯಿತು ಅಂತ ಸಿನಿಮಾ ಹೇಳಲ್ಲ. ಅದಕ್ಕೇ ನನಗೆ ಇಷ್ಟ ಆಯಿತು.

ತೊಗರಿ ಕಣಜ

ಇಂಥವೆಲ್ಲ ಒಂದೇ ಪಾಕ. ಮೊದಲರ್ಧ ಕತ್ತಲೆ, ಸಿಗರೇಟು, ಹಚ್ಚೆ, ಕಿರುಚಾಟ. ಆಮೇಲೆ ಒಂದು ಪಿಯಾನೋ ಶುರು. ಕಿಟಕಿಯಿಂದ ಬಿಸಿಲು ಬೀಳುತ್ತೆ. ಹೀರೋ ಕಣ್ಣೀರು ಹಾಕುತ್ತಾನೆ. ಪ್ರಚಾರ ಚಿತ್ರ ರೀ ಇದು, ಡಾಕ್ಯುಮೆಂಟರಿ ಅಂತ ಹೆಸರು ಬೇರೆ. ಕ್ರಿಶ್ಚಿಯನ್ ಆಗಲಿ, ನಮ್ಮವರದ್ದಾಗಲಿ, ಯಾರದ್ದಾದರೂ ಅಷ್ಟೇ. ಚಟ ಬಿಡಿಸೋಕೆ ಡಾಕ್ಟರ್ ಇದ್ದಾರೆ, ಔಷಧ ಇದೆ. ಆದರೆ ಡಾಕ್ಟರ್ ಬಗ್ಗೆ ಯಾರೂ ಸಿನಿಮಾ ಮಾಡಲ್ಲ.

ಬಿದರಿ ಹೂಜಿ, ಬೀದರ್

ತೊಗರಿ ಕಣಜ ಅವರೇ, ಸಿನಿಮಾ ನೋಡದೆ ಬರೆದಿದ್ದೀರಿ ಅಂತ ಮೊದಲ ಸಾಲಿನಲ್ಲೇ ಗೊತ್ತಾಗುತ್ತೆ. ಅದರಲ್ಲಿ ಬ್ಯಾಂಡಿನ ಉಳಿದವರೂ ಮಾತಾಡುತ್ತಾರೆ, ಅವನು ಬಿಟ್ಟು ಹೋದಾಗ ನಮಗೆ ಎಷ್ಟು ಸಿಟ್ಟು ಬಂದಿತ್ತು ಅಂತ. ಪ್ರಚಾರ ಮಾಡೋರು ಅದನ್ನು ಇಟ್ಟುಕೊಳ್ಳುತ್ತಿದ್ದರಾ?

ನಾನು ಬೀದರಿನ ಮೆಥೋಡಿಸ್ಟ್ ಮನೆತನದವನು. ಇನ್ನೊಂದು ಮಾತು ಹೇಳಲೇಬೇಕು. ಚರ್ಚ್ ಅಂದ್ರೆ ಸಂಗೀತ ಬಿಡಿಸೋ ಜಾಗ ಅಂತ ಯಾರು ಹೇಳಿದ್ದು? ನನಗೆ ಮೊದಲು ಗಿಟಾರ್ ಹಿಡಿಯೋಕೆ ಕಲಿಸಿದ್ದೇ ಚರ್ಚಿನಲ್ಲಿ. ಅದಕ್ಕೂ ಮುಂಚೆ ಢೋಲಕ್, ಹಾರ್ಮೋನಿಯಂ. ನಮ್ಮಜ್ಜಿ ಹೇಳುತ್ತಿದ್ದ ಕ್ರಿಸ್ತನ ಹಾಡುಗಳನ್ನು ಕಣ್ಣು ಮುಚ್ಚಿ ಕೇಳಿದರೆ ಭಜನೆಯೋ ಕೀರ್ತನೆಯೋ ಗೊತ್ತೇ ಆಗುತ್ತಿರಲಿಲ್ಲ. ಕ್ರಿಸ್ಮಸ್ ರಾತ್ರಿ ಓಣಿ ಓಣಿ ತಿರುಗಿ ಹಾಡಿ, ಬೆಳಗ್ಗೆ ಗಂಟಲು ಕಟ್ಟಿಸಿಕೊಂಡು ಕರ್ಚೀಕಾಯಿ ತಿಂದವರಿಗೆ ಗೊತ್ತು. ಹೆಡ್ ಗಿಟಾರನ್ನು ದೇವರಿಗೋಸ್ಕರ ಬಿಟ್ಟದ್ದಲ್ಲ, ಆ ಬಸ್ಸು, ಆ ಗುಂಪು, ಆ ರಾತ್ರಿಗಳನ್ನು ಬಿಟ್ಟರು. ಗಿಟಾರ್ ಜೊತೆಗೇ ಇತ್ತು. ಆಮೇಲೆ ಲವ್ ಅಂಡ್ ಡೆತ್ ಅಂತ ಬೇರೆ ಬ್ಯಾಂಡನ್ನೂ ಮಾಡಿದರಲ್ಲ.

ಭೀಮಾ ದಂಡೆ

ಕಾರ್ನ್ ಸಿಯಾಟಲ್ ಬ್ಯಾಂಡ್ ಅಲ್ವಾ? ಅವರು ಬಿಟ್ಟಿದ್ದು 2003 ಅಂತ ನೆನಪು.

ನಿದ್ದೆಗೇಡಿ

ಎರಡೂ ತಪ್ಪು ಗುರುವೇ. ಬಿಟ್ಟಿದ್ದು 2005. ಊರು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್. ಸಿಯಾಟಲ್ ಅಂದ್ರೆ ಮಳೆ, ಬೇಕರ್ಸ್‌ಫೀಲ್ಡ್ ಅಂದ್ರೆ ಬಿಸಿಲು, ಧೂಳು, ಎಣ್ಣೆ ಬಾವಿ, ಹೊಲ. ನಮ್ಮ ಕಲಬುರಗಿಯ ಅಣ್ಣ ಅಂತ ಇಟ್ಟುಕೊಳ್ಳಿ. ಮೇ ತಿಂಗಳ ಮಧ್ಯಾಹ್ನ ನಮ್ಮೂರ ಸೂಪರ್ ಮಾರ್ಕೆಟ್ ಬೀದಿಯಲ್ಲಿ ನಿಂತರೆ ಆ ಸಂಗೀತ ಯಾಕೆ ಹಾಗಿದೆ ಅಂತ ತಾನಾಗಿಯೇ ಅರ್ಥ ಆಗುತ್ತೆ.

ಜೋಳದ ರೊಟ್ಟಿ

ಬಿಸಿಲು, ಧೂಳು, ಜೋಳ. ನಾನು ಹೇಳಿದ್ದೇ ಸರಿ ಹಾಗಾದರೆ.

ಉರುಸಿನ ಮಿಠಾಯಿ

ಈ ಪ್ರಶ್ನೆ ನಮ್ಮ ಮುಸ್ಲಿಮರಲ್ಲಿ ತುಂಬಾ ಹಳೆಯದು. ಇಂಗ್ಲೆಂಡಿನ ಪಾಪ್ ಗಾಯಕ ಕ್ಯಾಟ್ ಸ್ಟೀವನ್ಸ್ ಗೊತ್ತಲ್ಲ? ಮಾಲಿಬು ಕಡಲಲ್ಲಿ ಮುಳುಗಿ ಹೋಗ್ತೀನಿ ಅನ್ನಿಸಿದಾಗ, ದೇವರೇ ಉಳಿಸಿದರೆ ನಿನ್ನ ಕೆಲಸ ಮಾಡ್ತೀನಿ ಅಂತ ಕೂಗಿದರಂತೆ. ಆಮೇಲೆ ಅಣ್ಣ ಒಂದು ಕುರಾನ್ ತಂದುಕೊಟ್ಟರು. 1977ರಲ್ಲಿ ಇಸ್ಲಾಂ ಒಪ್ಪಿದರು, ಯೂಸುಫ್ ಇಸ್ಲಾಂ ಆದರು, 1979ರಲ್ಲಿ ಗಿಟಾರುಗಳನ್ನೆಲ್ಲ ಹರಾಜು ಹಾಕಿ ದಾನ ಕೊಟ್ಟುಬಿಟ್ಟರು. ಹೆಡ್ ಎಂಟು ವರ್ಷ ಅಂದ್ರಲ್ಲ, ಇವರು ಮತ್ತೆ ಪಾಪ್ ಆಲ್ಬಂ ತಂದಿದ್ದು 2006ರಲ್ಲಿ. ಮಧ್ಯೆ ಎಷ್ಟು ವರ್ಷ ಲೆಕ್ಕ ಹಾಕಿ. ಅದೂ ಹೇಗೆ? ಮಗ ಮನೆಗೆ ಒಂದು ಗಿಟಾರ್ ತಂದಿಟ್ಟ. ಒಂದಿನ ಬೆಳಗ್ಗೆ ಇವರು ಸುಮ್ನೆ ಎತ್ತಿಕೊಂಡರು. ಬೆರಳು ಮರೆತಿರಲಿಲ್ಲ.

ಇಲ್ಲಿ ಕೆಲವರಿಗೆ ಸಂಗೀತವೇ ಬೇಡ, ಕೆಲವರಿಗೆ ಸಂಗೀತ ಇಲ್ಲದೆ ಭಕ್ತಿಯೇ ಇಲ್ಲ. ನಮ್ಮ ಖ್ವಾಜಾ ಬಂದೇ ನವಾಜರು ಚಿಶ್ತಿ ಪರಂಪರೆಯವರು. ಚಿಶ್ತಿ ಸೂಫಿಗಳು ಸಮಾ, ಅಂದ್ರೆ ಭಕ್ತಿಯ ಹಾಡು, ಕೇಳದೆ ಇರ್ತಾರಾ? ಉರುಸಿನ ರಾತ್ರಿ ದರ್ಗಾದಲ್ಲಿ ಕವ್ವಾಲಿ ಕೇಳುತ್ತಾ ಬೆಳಗು ಮಾಡಿದವನು ನಾನು. ಅಂದಹಾಗೆ ಹೆಡ್ ಅವರ ಉದ್ದ ಜಡೆಗೂದಲು ನೋಡಿ ಯಾರೂ ನಗಬೇಡಿ. ನಮ್ಮ ಬಂದೇ ನವಾಜರಿಗೆ ಗೇಸುದರಾಜ್ ಅಂತಲೂ ಹೆಸರು, ಹಾಗಂದ್ರೇನೇ ಉದ್ದ ಕೂದಲಿನವರು!

ತೊಗರಿ ಕಣಜ

ಕೂದಲಿನ ಮಾತಿಗೆ ನನ್ನ ಪೂರ್ತಿ ಬೆಂಬಲ. ನನ್ನ ಹತ್ತಿರ ಉಳಿದದ್ದು ಕಡಿಮೆ.

ಮಳಖೇಡದವಳು

ಎಲ್ಲರೂ ಕ್ಯಾಲಿಫೋರ್ನಿಯಾ, ಲಂಡನ್ ಅಂತ ಸುತ್ತುತ್ತಿದ್ದೀರಿ. ಮನೆಯೊಳಗಿನವರನ್ನು ಮರೆತೇಬಿಟ್ರಲ್ಲ. ಅಲ್ಲಮಪ್ರಭು ಏನು ಕೆಲಸ ಮಾಡುತ್ತಿದ್ದರು? ಮದ್ದಳೆ ಬಾರಿಸುತ್ತಿದ್ದರು! ಡ್ರಮ್ಮರ್ ರೀ! ಬಳ್ಳಿಗಾವಿಯ ದೇವಸ್ಥಾನದ ಡ್ರಮ್ಮರ್. ಹರಿಹರ ಹೇಳೋ ಕಥೆ ಓದಿ. ಕಮಲತೆಯನ್ನು ಮೆಚ್ಚಿ ಕೂಡಿದರು. ಅವಳು ಜ್ವರ ಬಂದು ಸತ್ತಳು. ಇವರು ಹುಚ್ಚು ಹಿಡಿದ ಹಾಗೆ ಊರ ಹೊರಗಿನ ತೋಪಿನಲ್ಲಿ ಕೂತು ಕಾಲ ಉಗುರಿಂದ ನೆಲ ಕೆದರುತ್ತಿದ್ದರು. ಮಣ್ಣೊಳಗೆ ಏನೋ ಹೊಳೆಯಿತು. ಗುಡಿಯ ಕಳಸ. ಅಗೆಸಿದರೆ ಒಳಗೆ ಅನಿಮಿಷಯ್ಯ ಅನ್ನೋ ಯೋಗಿ, ಕೈಯಲ್ಲಿ ಲಿಂಗ. ಅಲ್ಲಿಗೆ ಮದ್ದಳೆ ಮುಗಿಯಿತು. ಆಮೇಲೆ ಅವರು ನಡೆದು ಬಂದದ್ದು ನಮ್ಮ ಕಲ್ಯಾಣಕ್ಕೆ, ಬೀದರ್ ಜಿಲ್ಲೆಗೆ, ಶೂನ್ಯಸಿಂಹಾಸನಕ್ಕೆ.

ಈ ಡಾಕ್ಯುಮೆಂಟರಿಯನ್ನು ನಮ್ಮವರು 800 ವರ್ಷದ ಹಿಂದೆಯೇ ರಗಳೆಯಲ್ಲಿ ತೆಗೆದಿಟ್ಟಿದ್ದಾರೆ.

ಸೇಡಂ ಪ್ಯಾಸೆಂಜರ್

ಆ ಉಗುರಿನ ಮಾತು ಎಷ್ಟು ಚೆನ್ನಾಗಿದೆ. ಹೆಡ್ ಕೂಡ ಹಾಗೇ, ದೇವರನ್ನು ಹುಡುಕಿಕೊಂಡು ಹೋದವರಲ್ಲ. ಸಾಯೋ ಸ್ಥಿತಿಯಲ್ಲಿ ನೆಲ ಕೆದರುತ್ತಾ ಕೂತಿದ್ದವರು.

ಬಸವಾಭಿಮಾನಿ, ಹುಮನಾಬಾದ್

ಸ್ವಲ್ಪ ತಡೆಯಿರಿ ಅಕ್ಕ. ಅದು ಹರಿಹರನ ಅಲ್ಲಮ. ಚಾಮರಸನ ಅಲ್ಲಮ ಬೇರೆ. ಅಲ್ಲಿ ಬನವಾಸಿಯ ಗುಡಿ, ಅಲ್ಲಿ ಮಾಯೆ. ಅಲ್ಲಮ ಮದ್ದಳೆ ಬಾರಿಸುತ್ತಾನೆ, ಮಾಯೆ ಕುಣಿಯುತ್ತಾಳೆ, ಆದರೆ ಇವನು ಒಂದು ಕ್ಷಣವೂ ಸಿಕ್ಕಿಬೀಳಲ್ಲ. ಪ್ರಭುವನ್ನು ಚಟಕ್ಕೆ ಬಿದ್ದ ರಾಕ್ ಹುಡುಗನ ಜೊತೆ ಕೂರಿಸೋದು ನನಗೆ ಸರಿ ಕಾಣಲ್ಲ.

ಮಳಖೇಡದವಳು

ನಿಮಗೆ ಬೀಳದ ಅಲ್ಲಮ ಬೇಕು, ನನಗೆ ಬಿದ್ದು ಎದ್ದ ಅಲ್ಲಮ ಬೇಕು. ಹೆಂಡತಿ ಸತ್ತಾಗ ಅತ್ತವನ ವಚನ ಅಂತ ಓದಿದರೆ ನನಗೆ ಮೈ ಜುಮ್ಮೆನ್ನುತ್ತೆ. ಎರಡೂ ಇರಲಿ ಬಿಡಿ. ಮದ್ದಳೆ ಅಂತೂ ಇಬ್ಬರ ಕೈಯಲ್ಲೂ ಇದೆ.

ಗುರುಮಠಕಲ್ ಗಾಡಿ

ಅಲ್ಲಮನ ಮಾತು ಬಂತು, ಅದಕ್ಕೆ ಹೇಳ್ತೀನಿ. ಬೀದರ್ ಹತ್ತಿರ ಅಷ್ಟೂರಿಗೆ ಹೋಗಿದ್ದೀರಾ? ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿ. ಸುಲ್ತಾನನನ್ನೇ ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳುವ ಲಿಂಗಾಯತ ಭಕ್ತರಿದ್ದಾರೆ. ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರಬೇಕು. ನಮ್ಮ ಯಾದಗಿರಿ ಕಡೆ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲೂ ಇದೇ ಕಲಬೆರಕೆ. ಯಾರು ಯಾವ ಧರ್ಮದಿಂದ ಯಾವ ಧರ್ಮಕ್ಕೆ ಹೋದರು ಅನ್ನೋ ಲೆಕ್ಕ ನಮ್ಮ ನೆಲದಲ್ಲಿ ಬರೆದುಕೊಳ್ಳೋಕೆ ಕೂತರೆ ಹಾಳೆ ಸಾಲಲ್ಲ. ಕಡಕೋಳ ಮಡಿವಾಳಪ್ಪನವರ ಶಿಷ್ಯರು ಚನ್ನೂರ ಜಲಾಲ ಸಾಹೇಬರು. ತತ್ವಪದ ಬರೆದರು, ಜನ ಇವತ್ತಿಗೂ ಹಾಡುತ್ತಾರೆ. ಅಮಾವಾಸ್ಯೆ ರಾತ್ರಿ ಏಕತಾರಿ, ದಮ್ಮಡಿ, ತಾಳ ಇಟ್ಟುಕೊಂಡು ಬೆಳಗಿನವರೆಗೆ ಹಾಡೋ ಮುದುಕರನ್ನು ಒಮ್ಮೆ ನೋಡಿ. ಅದಕ್ಕಿಂತ ದೊಡ್ಡ ರಾಕ್ ಶೋ ಯಾವುದಿದೆ?

ಬಿಸಿಲೂರ ಗಿಟಾರ್ ಅವರೇ, ನಿಮ್ಮ ಗೆಳೆಯ ಸಂಗೀತ ಬಿಟ್ಟಿದ್ದಾನೆ ಅಂತ ಯಾರು ಹೇಳಿದ್ದು? ತಾಳ ಹಾಕೋದು ಸಂಗೀತ ಅಲ್ವಾ? ನಿಮ್ಮ ಬ್ಯಾಂಡ್ ಬಿಟ್ಟಿದ್ದಾನೆ, ಅಷ್ಟೇ.

ಬಿಸಿಲೂರ ಗಿಟಾರ್, ಕಲಬುರಗಿ

ಚುಚ್ಚಿತು. ಆದರೆ ಸರಿ ಇದೆ ಅನ್ನಿಸುತ್ತಿದೆ.

ನಿದ್ದೆಗೇಡಿ

ರೆಹಮಾನ್ ಅವರನ್ನೂ ಸೇರಿಸಿ. ಚೆನ್ನೈನಲ್ಲಿ ರಾಕ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ದಿಲೀಪ್ ಅವರು. ನಂಬಿಕೆ ಬದಲಾಯಿತು, ಸಂಗೀತ ಬಿಡಲಿಲ್ಲ, ಅದನ್ನೇ ಪ್ರಾರ್ಥನೆ ಮಾಡಿಕೊಂಡರು. ಜಾರ್ಜ್ ಹ್ಯಾರಿಸನ್ ಕೂಡ ಹಾಗೇ. ಬೀಟಲ್ಸ್ ಇದ್ದಾಗಲೇ, 1969ರಲ್ಲೇ, ಲಂಡನ್ನಿನ ಹರೇ ಕೃಷ್ಣ ಭಕ್ತರನ್ನು ಸ್ಟುಡಿಯೋಗೆ ಕರೆದು ಮಂತ್ರದ ರೆಕಾರ್ಡ್ ಮಾಡಿಸಿದವರು. ಅವರಿಗೆ ಒಂದಕ್ಕೋಸ್ಕರ ಇನ್ನೊಂದು ಬಿಡಬೇಕು ಅಂತ ಅನ್ನಿಸಲೇ ಇಲ್ಲ.

ತೊಗರಿ ಕಣಜ

ಅವರಿಗೆ ಚಟ ಕುತ್ತಿಗೆವರೆಗೆ ಬಂದಿರಲಿಲ್ಲ ಅಲ್ವಾ. ಕುಡುಕನಿಗೆ ಬಾರ್ ಇರೋ ರಸ್ತೆಯಲ್ಲೇ ಓಡಾಡಬೇಡ ಅಂತಾರೆ. ಡ್ರಮ್ ಸೆಟ್ ಆ ರಸ್ತೆ ಆಗಿತ್ತೇನೋ. (ನೋಡಿ, ನಾನೇ ಎದುರು ಪಕ್ಷದ ಪರ ವಾದ ಮಾಡ್ತಿದ್ದೀನಿ.)

ಅಫಜಲಪುರ ಅಕ್ಕ

ನಾನು ಇಲ್ಲಿ ಓದೋದಷ್ಟೇ, ಬರೆಯಲ್ಲ. ಇವತ್ತು ಬರೆಯಬೇಕು ಅನ್ನಿಸಿತು.

ನನಗೆ ರಾಕ್ ಗೊತ್ತಿಲ್ಲ, ಆ ಬ್ಯಾಂಡೂ ಗೊತ್ತಿಲ್ಲ. ಸೇಡಂನವರು ಆ ಮಗಳ ಬಗ್ಗೆ ಬರೆದದ್ದು ಓದಿ ಕೂತುಬಿಟ್ಟೆ. ನಮ್ಮಪ್ಪ ಊರ ನಾಟಕದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ಕುಡಿತ ಇತ್ತು. ನಾಟಕ ಮುಗಿಸಿ ಬೆಳಗಿನ ಜಾವ ಬರುತ್ತಿದ್ದರು, ಬಾಗಿಲ ಹತ್ತಿರ ನಾವು ಮೂವರು ಹೆಣ್ಣುಮಕ್ಕಳು ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದೆವು, ಅಪ್ಪ ಎಡವಿದರೆ ಗೊತ್ತಾಗಲಿ, ಅಮ್ಮನ ಹತ್ತಿರ ಹೋಗುವ ಮುಂಚೆ ನಮಗೆ ಎಚ್ಚರ ಆಗಲಿ ಅಂತ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮಠಕ್ಕೆ ನಡೆದುಕೊಳ್ಳೋಕೆ ಶುರು ಮಾಡಿದರು. ಕುಡಿತ ನಿಂತಿತು. ಊರೆಲ್ಲ ಹೊಗಳಿತು. ಅಮ್ಮ ಹರಕೆ ತೀರಿಸಿ ಹೋಳಿಗೆ ಮಾಡಿದಳು.

ಆದರೆ ಅಪ್ಪ ಮನೆಗೆ ಬರಲಿಲ್ಲ. ಮೊದಲು ನಾಟಕ ಅಂತ ಹೋಗುತ್ತಿದ್ದರು, ಈಗ ಸೇವೆ ಅಂತ. ಮಠದ ದಾಸೋಹಕ್ಕೆ ನೂರಾರು ಜನಕ್ಕೆ ಬಡಿಸುತ್ತಿದ್ದರು, ನಮ್ಮ ಮನೆಯಲ್ಲಿ ಆವತ್ತು ಏನು ಬೇಯಿಸಿದ್ದಾರೆ ಅಂತ ಕೇಳಿದವರಲ್ಲ. ನನ್ನ ಹತ್ತನೇ ಕ್ಲಾಸಿನ ರಿಸಲ್ಟ್ ಅವರಿಗೆ ಹೇಳಿದ್ದು ಬಸ್ ಕಂಡಕ್ಟರ್. ಮುಂಚೆ ಬಯ್ಯಬಹುದಿತ್ತು, ಕುಡುಕ ಅಂತ. ಈಗ ಬಯ್ಯೋ ಹಾಗೂ ಇಲ್ಲ, ಶರಣರಾಗಿಬಿಟ್ಟಿದ್ದರಲ್ಲ. ಜನ ಬಂದು ನಿಮ್ಮಪ್ಪ ದೊಡ್ಡವರು ಅಂದಾಗ ತಲೆ ಅಲ್ಲಾಡಿಸುತ್ತಿದ್ದೆ.

ಕೊನೆಗೆ ಕಾಲು ಬಿದ್ದ ಮೇಲೆ ಮನೆಯಲ್ಲಿ ಉಳಿದರು. ಎರಡು ವರ್ಷ. ಒಂದು ಸಂಜೆ ಅಟ್ಟದ ಮೇಲಿಂದ ಹಾರ್ಮೋನಿಯಂ ಇಳಿಸು ಅಂದರು. ಇಲಿ ತೂತು ಮಾಡಿತ್ತು, ಗಾಳಿ ನಿಲ್ಲುತ್ತಿರಲಿಲ್ಲ. ನಾನು ತೂತಿಗೆ ಅಂಗೈ ಒತ್ತಿ ಹಿಡಿದೆ, ಅವರು ಬಾರಿಸಿದರು. ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

ಸೇಡಂ ಪ್ಯಾಸೆಂಜರ್

ಅಕ್ಕಾ.

ಉರುಸಿನ ಮಿಠಾಯಿ

ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಬರೆದದ್ದು ಒಳ್ಳೆಯದಾಯಿತು.

ಬಿದರಿ ಹೂಜಿ, ಬೀದರ್

ಅಕ್ಕ ಹೇಳಿದ್ದನ್ನೇ ಹೆಡ್ ಕೂಡ ಆಮೇಲೆ ಒಂದು ಸಂದರ್ಶನದಲ್ಲಿ ಒಪ್ಪಿಕೊಂಡಿದ್ದಾರೆ. ಡ್ರಗ್ಸ್ ಹಿಂದೆ ಹೇಗೆ ಬಿದ್ದಿದ್ದೆನೋ ಧರ್ಮದ ಹಿಂದೆಯೂ ಹಾಗೇ ಬಿದ್ದಿದ್ದೆ, ಅತಿ ಮಾಡಿದೆ ಅಂತ. ನಂಬಿಕೆ ಬಿಟ್ಟಿಲ್ಲ ಅವರು, ಅತಿಯನ್ನು ಬಿಟ್ಟರು. ನಾನು ಚರ್ಚಿನವನಾಗಿ ಹೇಳ್ತೀನಿ, ಇದನ್ನು ನಮ್ಮ ಸಾಕ್ಷಿ ಹೇಳೋ ಸಭೆಗಳಲ್ಲಿ ಯಾರೂ ಹೇಳಲ್ಲ. ಅಲ್ಲಿ ಕಥೆ ಚಟ ಬಿಟ್ಟ ದಿನಕ್ಕೇ ಮುಗಿದುಹೋಗುತ್ತೆ. ಮರುದಿನ ಮನೆಯಲ್ಲಿ ಏನಾಯಿತು ಅಂತ ಹೆಂಡತಿ ಮಕ್ಕಳ ಕೈಗೆ ಮೈಕ್ ಕೊಡಲ್ಲ. ಈ ಸಿನಿಮಾ ಮಗಳ ಕೈಗೆ ಮೈಕ್ ಕೊಟ್ಟಿದೆ.

ತೊಗರಿ ಕಣಜ

ಸರಿ ಮಾರಾಯ್ರೇ, ಈ ರಾತ್ರಿ ನೋಡ್ತೀನಿ. ಪಿಯಾನೋ ಬಂದರೆ ಮಾತ್ರ ಬಂದು ಬಯ್ಯುತ್ತೇನೆ.

ಭೀಮಾ ದಂಡೆ

ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಕೇಳ್ತೀನಿ. ಏಳು ತಂತಿಯ ಗಿಟಾರಿಗೆ ತಂತಿ ಎಲ್ಲಿ ಸಿಗುತ್ತೆ? ಇಲ್ಲಿ ಅಂಗಡಿಯಲ್ಲಿ ಕೇಳಿದರೆ ಆರಕ್ಕೆ ಒಂದು ಬಿಡಿ ತಂತಿ ಸೇರಿಸಿಕೋ ಅಂದರು.

ಬಿಸಿಲೂರ ಗಿಟಾರ್, ಕಲಬುರಗಿ

ಹೈದರಾಬಾದಿಗೆ ಹೋದಾಗ ತನ್ನಿ, ಇಲ್ಲಾಂದ್ರೆ ಆನ್‌ಲೈನ್. ಬಿಡಿ ತಂತಿ ಹಾಕಬೇಡಿ, ಹೊಂದಲ್ಲ. ಏಳನೆಯದು ಮಾಮೂಲಿಯಾಗಿ ಬಿ ಸ್ವರ. ಕಾರ್ನ್‌ನವರು ಎಲ್ಲ ತಂತಿಗಳನ್ನೂ ಒಂದೊಂದು ಸ್ವರ ಇಳಿಸಿ ಅದನ್ನು ಎ ಮಾಡುತ್ತಾರೆ. ಅಷ್ಟು ಸಡಿಲ ಮಾಡಿದರೆ ತೆಳು ತಂತಿ ಹಗ್ಗದ ಹಾಗೆ ಜೋತು ಬೀಳುತ್ತೆ, ಅದಕ್ಕೆ ದಪ್ಪದ್ದೇ ಬೇಕು. ಇನ್ನೊಂದು, ಬೇಸಿಗೆಯಲ್ಲಿ ಗಿಟಾರನ್ನು ತಗಡಿನ ಶೀಟಿನ ಕೆಳಗೆ ಇಡಬೇಡಿ. ನನ್ನದೊಂದು ಬಾಗಿ ಬಾಳೆಕಾಯಿ ಆಗಿದೆ.

ಗುರುಮಠಕಲ್ ಗಾಡಿ

ತಂತಿ ಬಿಡಿ. ಗೆಳೆಯನಿಗೆ ಫೋನ್ ಮಾಡಿದ್ರಾ?

ಬಿಸಿಲೂರ ಗಿಟಾರ್, ಕಲಬುರಗಿ

ಮಾಡಿದೆ, ಈಗ ತಾನೇ. ಅಕ್ಕ ಬರೆದದ್ದು ಓದಿದ ಮೇಲೆ ತಡೆಯೋಕಾಗಲಿಲ್ಲ. ಈ ಸಿನಿಮಾದ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ನೇರವಾಗಿ ಕೇಳಿಯೇಬಿಟ್ಟೆ, ಡ್ರಮ್ಸ್ ಯಾಕೋ ಬಿಟ್ಟೆ ಅಂತ. ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಎಮ್ಮೆ ಕೂಗೋದು ಕೇಳಿಸುತ್ತಿತ್ತು. ಆಮೇಲೆ ಅಂದ: "ಡ್ರಮ್ಸ್ ಬೇಡ ಅಂತ ದೇವರು ಹೇಳಲಿಲ್ಲೋ. ನೀವು ಮೂವರು ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ರಿ, ನೆನಪಿದೆಯಾ?"

ನೆನಪಿತ್ತು. ಮೊದಲ ಪೋಸ್ಟಿನಲ್ಲಿ "ಕುಡಿತ ಹತ್ತಿತು" ಅಂತ ಬರೆದಿದ್ದೆ ನೋಡಿ, ಅದು ಎಲ್ಲಿಂದ ಹತ್ತಿತು ಅಂತ ಬರೆದಿರಲಿಲ್ಲ.

ಫೋನ್ ಇಡುವ ಮುಂಚೆ ಪೆಡಲ್ ಎಲ್ಲಿದೆ ಅಂತ ಕೇಳಿದ. ಮಂಚದ ಕೆಳಗಿದೆ ಅಂದೆ. ಮಗ ಡಬ್ಬ ಬಡಿಯೋಕೆ ಶುರು ಮಾಡಿದ್ದಾನಂತೆ. ಭಾನುವಾರ ತಂದುಕೊಡು ಅಂದ, ರೊಟ್ಟಿ ಪುಂಡಿಪಲ್ಯ ಮಾಡಿಸ್ತೀನಿ, ಒಬ್ಬನೇ ಬಾ ಅಂದ.

ಜೋಳದ ರೊಟ್ಟಿ

ಸ್ಪ್ರಿಂಗಿಗೆ ಒಂದು ಹನಿ ಎಣ್ಣೆ ಬಿಟ್ಟು ತಗೊಂಡು ಹೋಗಿ. ಇಷ್ಟು ವರ್ಷ ಚೀಲದಲ್ಲಿದ್ದದ್ದು, ತುಕ್ಕು ಹಿಡಿದಿರುತ್ತೆ.